ಶಾಲೆಯ ಗಂಟೆ ಹೊಡೆದ ಮೇಲೆ

ಸಂಜೆ ಶಾಲೆ ಬಿಟ್ಟ ಮೇಲೆ ಶಿರಾಳಕೊಪ್ಪದ ಬಡವರ ಮಕ್ಕಳು ಎಲ್ಲಿಗೆ ಹೋಗಬೇಕು? ತಂದೆ ಅಕ್ಕಿ ಗಿರಣಿಯಲ್ಲಿ, ತಾಯಿ ಕೂಲಿಗೆ. ಮನೆಯ ಬಾಗಿಲಿಗೆ ಬೀಗ. ಸಣ್ಣ ಅಂಗಡಿಕಾರರ ಮಕ್ಕಳಾದರೆ ಗಲ್ಲಾದ ಪಕ್ಕದಲ್ಲಿ ಕುಳಿತು ಪೊಟ್ಟಣ ಕಟ್ಟಬೇಕು. ಉಳಿದವರಿಗೆ ಬಸ್ ನಿಲ್ದಾಣದ ಕಟ್ಟೆ, ಕೈಯಲ್ಲೊಂದು ಮೊಬೈಲು. ಉಳ್ಳವರು ಹಣ ಕೊಟ್ಟು ತಮ್ಮ ಮಕ್ಕಳಿಗೆ ಮನೆಪಾಠ, ಸಂಗೀತ, ಆಟ ಎಲ್ಲವನ್ನೂ ಕೊಳ್ಳುತ್ತಾರೆ. ದುಡಿಯುವವರ ಮಕ್ಕಳ ಸಂಜೆಗೆ ಮಾತ್ರ ಹೇಳುವವರು ಕೇಳುವವರು ಯಾರೂ ಇಲ್ಲ.

ನಮ್ಮ ಕಾಯಿದೆಗಳು ಈ ಹೊತ್ತನ್ನು ನೆನೆದಿರುವ ಬಗೆಯನ್ನು ವಾಚಕರು ಗಮನಿಸಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಕೊಟ್ಟಿತು. ಶಾಲೆ ಬಿಟ್ಟ ಮೇಲಿನ ಮಾತು ಬಂದದ್ದು ಬಾಲಕಾರ್ಮಿಕ ಕಾಯಿದೆಯಲ್ಲಿ. 2016ರ ತಿದ್ದುಪಡಿಯು 14 ವರ್ಷದೊಳಗಿನವರನ್ನು ದುಡಿಸುವುದನ್ನು ನಿಷೇಧಿಸಿತಾದರೂ, ಶಾಲೆಯ ಹೊತ್ತು ಮುಗಿದ ಮೇಲೆ ಮತ್ತು ರಜೆಯಲ್ಲಿ ಮನೆಯವರ ಕಸುಬಿಗೆ, ಅಪಾಯವಿಲ್ಲದ ಕೆಲಸಗಳಲ್ಲಿ, ಮಕ್ಕಳು ನೆರವಾಗಬಹುದೆಂದು ವಿನಾಯಿತಿ ನೀಡಿತು. ಅಂದರೆ ಕೂಸಿನ ಸಂಜೆ ಕಾಯಿದೆಯ ಕಣ್ಣಿಗೆ ಬಿದ್ದದ್ದು ದುಡಿಮೆಯ ಲೆಕ್ಕದಲ್ಲಿ! ಎಂಟು ಗಂಟೆಯ ದುಡಿಮೆಗಾಗಿ, ಉಳಿದ ಹೊತ್ತು ತಮ್ಮದಾಗಬೇಕೆಂದು ಹೋರಾಡಿದ ಕಾರ್ಮಿಕ ವರ್ಗಕ್ಕೆ ಈ ಅನ್ಯಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳ ಆಟಕ್ಕೂ ಕೂಟಕ್ಕೂ ಹಣ ಸುರಿಯುವುದು ದಂಡವೆನ್ನುವವರಿದ್ದಾರೆ. ಅವರು ಲಂಡನ್ನಿನ ಲೆಕ್ಕ ಕೇಳಲಿ. 2010ರಿಂದ 2019ರವರೆಗೆ ಸರ್ಕಾರದ ಅನುದಾನ ಕಡಿತದಿಂದ ಅಲ್ಲಿನ ಯುವಜನರ ಸಂಜೆಯ ಕೂಟಗಳಲ್ಲಿ ಶೇಕಡ 30ರಷ್ಟು ಮುಚ್ಚಿಹೋದವು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೂಟ ಕಳೆದುಕೊಂಡ ಕೇರಿಗಳ ಹುಡುಗ ಹುಡುಗಿಯರು ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಅಪರಾಧಕ್ಕಿಳಿಯುವ ಸಂಭವ ಶೇಕಡ 14ರಷ್ಟು ಹೆಚ್ಚಿತು. ಉಳಿಸಿದ ಒಂದೊಂದು ಪೌಂಡಿಗೆ ಸಮಾಜ ಸುಮಾರು ಮೂರು ಪೌಂಡ್ ತೆರಬೇಕಾಯಿತು. ಒಂದು ಉಳಿಸಿ ಮೂರು ಕಳೆಯುವ ವ್ಯಾಪಾರವನ್ನು ನಮ್ಮ ಸಂತೆಯಲ್ಲಿ ಯಾರು ತಾನೆ ಮಾಡಿಯಾರು?

ದೂರದ ಮಾತೇಕೆ? ಪಕ್ಕದ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಹಳ್ಳಿಯ ಯುವಕರು 1949ರಲ್ಲಿ ಕಟ್ಟಿಕೊಂಡ ಕೂಟವೇ ನೀನಾಸಮ್. 1980ರಲ್ಲಿ ಅದೇ ಊರಿನಲ್ಲಿ ರಂಗಶಿಕ್ಷಣ ಕೇಂದ್ರವೆದ್ದಿತು. ನಮ್ಮ ಸುತ್ತಿನ ಹಳ್ಳಿಗಳ ಕಡೆಯೇ ನೋಡಿ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಿಂದ 'ಓದುವ ಬೆಳಕು' ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅವು ಅರಿವು ಕೇಂದ್ರಗಳೆನಿಸಿವೆ. ಹಳ್ಳಿಯ ಮಗುವಿಗೆ ಸಲ್ಲುವುದು ಪಟ್ಟಣದ ಹಮಾಲಿಯ ಮಗುವಿಗೇಕೆ ಸಲ್ಲಬಾರದು? 1965ರ ಗ್ರಂಥಾಲಯ ಕಾಯಿದೆಯಂತೆ ಮನೆ, ಅಂಗಡಿಗಳ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ಜನರೇ ತೆರುತ್ತಿದ್ದಾರೆ. ಆದ್ದರಿಂದ ನಾವು ಕೇಳುತ್ತಿರುವುದು ಯಾರ ದಾನವನ್ನೂ ಅಲ್ಲ.

ನಮ್ಮ ಒತ್ತಾಯ ಇಷ್ಟೆ. ಸಂಜೆ ಬೀಗ ಬೀಳುವ ಸರ್ಕಾರಿ ಶಾಲೆಯ ಎರಡು ಕೋಣೆ ಮತ್ತು ಅಂಗಳವನ್ನು ಕತ್ತಲಾಗುವವರೆಗೆ ತೆರೆದಿಡಬೇಕು. ಪುಸ್ತಕ, ಕೇರಂ ಹಲಗೆ, ಚೆಂಡು, ಒಂದು ಹಿಡಿ ಕಡಲೆ ಅಲ್ಲಿರಬೇಕು. ನೋಡಿಕೊಳ್ಳುವವರಿಗೆ ಗೌರವಧನದ ಹೆಸರಿನ ಪುಡಿಗಾಸಿನ ಬದಲು ನ್ಯಾಯವಾದ ಸಂಬಳ ಕೊಡಬೇಕು. ಹೆಣ್ಣುಮಕ್ಕಳು ಅಂಜದೆ ಬಂದು ಹೋಗುವ ವ್ಯವಸ್ಥೆಯಿಲ್ಲದ ಕೂಟ ಅರ್ಧ ಊರಿನ ಕೂಟವಷ್ಟೆ. ಉರ್ದು ಶಾಲೆಯ ಮಕ್ಕಳೂ ಕನ್ನಡ ಶಾಲೆಯ ಮಕ್ಕಳೂ ಒಂದೇ ಅಂಗಳದಲ್ಲಿ ಕೂಡಿ ಆಡಬೇಕು. ಚಿಕ್ಕಂದಿನಲ್ಲಿ ಒಂದೇ ಚೆಂಡಿನ ಹಿಂದೆ ಓಡಿದವರನ್ನು ಮುಂದೆ ಎತ್ತಿಕಟ್ಟುವುದು ಪುಢಾರಿಗಳಿಗೆ ಅಷ್ಟು ಸುಲಭವಾಗದು.

ಗಿರಣಿಯ ಕಾರ್ಮಿಕರೂ ಸಣ್ಣ ವ್ಯಾಪಾರಿಗಳೂ ಒಟ್ಟಾಗಿ ಈ ಬೇಡಿಕೆಯನ್ನು ಪಟ್ಟಣದ ಆಡಳಿತದ ಮುಂದಿಡಬೇಕು. ತೆರಿಗೆ ನಮ್ಮದು, ಶಾಲೆ ನಮ್ಮದು, ಮಕ್ಕಳು ನಮ್ಮವರು. ಬೀಗದ ಕೈ ಮಾತ್ರ ಇನ್ನೊಬ್ಬರ ಬಳಿ ಇರುವುದೇಕೆ?