ಮನೆಯ ಜಾಲಕ್ಕೆ ಒಂದು ಬಾಗಿಲು

ಅಂತರಜಾಲವು ಇಂದು ನಮ್ಮ ಮನೆಗಳಿಗೆ ಕೊಳಾಯಿಯ ನೀರಿನಂತೆ ಬಂದು ಸೇರಿದೆ. ಆದರೆ ಈ ಹೋಲಿಕೆಯಲ್ಲಿ ಒಂದು ಕೊರತೆಯುಂಟು. ಕೊಳಾಯಿಯಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ; ಅಂತರಜಾಲದ ತಂತಿಯಾದರೋ ಎರಡು ದಿಕ್ಕಿಗೂ ಮಾಹಿತಿಯನ್ನು ಸಾಗಿಸಬಲ್ಲದು. ಹೀಗಿದ್ದೂ ಅದನ್ನು ನಾವು ಪಡೆಯುವುದಕ್ಕೇ ಬಳಸುತ್ತೇವೆ. ನಮ್ಮ ಯಂತ್ರದಿಂದ ನೇರವಾಗಿ ಪರರಿಗೆ ಕೊಡುವುದನ್ನು ಮರೆತಿದ್ದೇವೆ. ಮನೆಯ ಒಂದು ಯಂತ್ರಕ್ಕೆ ಸ್ಥಿರ ವಿಳಾಸವನ್ನು ಕೊಟ್ಟು, ಹೊರಗಿನವರು ಅದನ್ನು ತಲಪಲು ಒಂದು ಬಾಗಿಲನ್ನು ತೆರೆಯುವ ಕ್ರಮವನ್ನು ಪ್ರತಿಯೊಬ್ಬ ವಿಜ್ಞಾನ ವಿದ್ಯಾರ್ಥಿಯೂ ಕಲಿಯಬೇಕೆಂಬುದು ನಮ್ಮ ಅಭಿಮತ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಉಷ್ಣವಲಯದಲ್ಲಿ ವಾಯುಭಾರವು ದಿನಕ್ಕೆರಡು ಸಲ ಏರಿ ಇಳಿಯುತ್ತದೆ. ಬೆಳಗಿನ ಹತ್ತು ಗಂಟೆಯ ಸುಮಾರಿಗೊಮ್ಮೆ, ರಾತ್ರಿಯ ಹತ್ತರ ಸುಮಾರಿಗೊಮ್ಮೆ ಅದು ಶಿಖರವನ್ನು ಮುಟ್ಟುತ್ತದೆ. ಏರಿಳಿತವು ಕೆಲವೇ ಮಿಲಿಬಾರುಗಳಷ್ಟು. ಹಾಸನದ ಒಬ್ಬ ವಿದ್ಯಾರ್ಥಿನಿಯು ಅಂಗೈಯಗಲದ ಗಣಕಕ್ಕೆ ವಾಯುಭಾರಮಾಪಕವನ್ನು ಜೋಡಿಸಿ ಇದನ್ನು ದಾಖಲಿಸುತ್ತಿದ್ದಾಳೆನ್ನೋಣ. ಧಾರವಾಡದ ಗೆಳತಿಯು ತನ್ನ ಅಳತೆಗಳೊಡನೆ ಅವನ್ನು ಹೋಲಿಸಿ ನೋಡಬೇಕು. ಗಣಕವೂ ಸಿದ್ಧವಿದೆ, ತಂತಿಯೂ ಇದೆ. ಆದರೂ ಧಾರವಾಡದಿಂದ ಹಾಸನದ ಆ ಗಣಕವನ್ನು ನೇರವಾಗಿ ಮುಟ್ಟಲು ಆಗುವುದಿಲ್ಲ. ಏಕೆ?

ಇದರ ಕಾರಣವು ವಿಳಾಸಗಳ ಬರದಲ್ಲಿದೆ. 1981ರಲ್ಲಿ ನಿಗದಿಯಾದ ನಿಯಮದಂತೆ ಅಂತರಜಾಲದ ವಿಳಾಸವು 32 ಬಿಟ್‌ಗಳ ಸಂಖ್ಯೆ. ಆದುದರಿಂದ ಒಟ್ಟು ವಿಳಾಸಗಳು 4,29,49,67,296 ಮಾತ್ರ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಈ ನಿಯಮಕ್ಕೆ ಬದಲಾದಾಗ ಇದು ಅಪಾರವೆನಿಸಿದ್ದಿರಬೇಕು; ಇಂದು ತಲೆಗೊಂದರಂತೆ ಹಂಚಿದರೂ ಲೋಕದ ಜನರಿಗೆ ಸಾಲದು. 2011ರ ಫೆಬ್ರವರಿ 3ರಂದು ಕೇಂದ್ರ ಸಂಗ್ರಹದ ಕೊನೆಯ ಭಾಗಗಳೂ ಹಂಚಿಹೋದವು. ಈ ಬರವನ್ನು ಮುಂಗಂಡ ತಜ್ಞರು, ಒಂದೇ ವಿಳಾಸವನ್ನು ಹಲವು ಯಂತ್ರಗಳು ಹಂಚಿಕೊಳ್ಳುವ ಉಪಾಯವನ್ನು 1994ರಲ್ಲಿಯೇ ಪ್ರಕಟಿಸಿದ್ದರು. ನಮ್ಮ ಮನೆಯ ರೌಟರ್ ಮಾಡುವ ಕೆಲಸವು ಇದೇ.

ರೌಟರನ್ನು ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಕನಿಗೆ ಹೋಲಿಸಬಹುದು. ಅಂಚೆಯವನಿಗೆ ಗೊತ್ತಿರುವುದು ನಿಲಯದ ವಿಳಾಸವೊಂದೇ. ಒಳಗಿನ ಕೋಣೆಗಳ ಸಂಖ್ಯೆಯು ನಿಲಯದವರಿಗೆ ಮಾತ್ರ ಗೊತ್ತು. ಯಾವ ಕೋಣೆಯಿಂದ ಯಾರಿಗೆ ಪತ್ರ ಹೋಯಿತೆಂಬುದನ್ನು ಮೇಲ್ವಿಚಾರಕನು ಬರೆದಿಟ್ಟುಕೊಂಡು, ಬಂದ ಉತ್ತರವನ್ನು ಅದೇ ಕೋಣೆಗೆ ತಲಪಿಸುತ್ತಾನೆ. ಆದರೆ ಕೇಳದೆ ಬಂದ ಪತ್ರವನ್ನು ಯಾರಿಗೆ ಕೊಡಬೇಕು? ತಿಳಿಯದೆ ಅದನ್ನು ಬಿಸಾಡುತ್ತಾನೆ. ಧಾರವಾಡದ ಗೆಳತಿಯ ಕೋರಿಕೆಗೆ ಆದ ಗತಿಯೂ ಇದೇ.

ಪರಿಹಾರಕ್ಕೆ ಎರಡು ಹೆಜ್ಜೆಗಳಿವೆ. ಮೊದಲನೆಯದು ಕೋಣೆಯನ್ನು ಸ್ಥಿರಪಡಿಸುವುದು. ಸಾಮಾನ್ಯವಾಗಿ ರೌಟರ್ ಒಳಗಿನ ಯಂತ್ರಗಳಿಗೆ ವಿಳಾಸಗಳನ್ನು ಎರವಲು ಕೊಡುತ್ತದೆ. ಇಂದು ಕೊಟ್ಟದ್ದು ನಾಳೆ ಬದಲಾಗಬಹುದು. ರೌಟರು 192.168.1.100ರಿಂದ 199ರವರೆಗಿನ ವಿಳಾಸಗಳನ್ನು ಎರವಲಿಗೆ ಇಟ್ಟಿದ್ದರೆ, ಅದರ ಹೊರಗಿನ, ಬೇರಾವ ಯಂತ್ರಕ್ಕೂ ಕೊಡದ 192.168.1.20 ಎಂಬ ವಿಳಾಸವನ್ನು ನಮ್ಮ ಗಣಕಕ್ಕೆ ಬರೆದುಕೊಡಬಹುದು. ಇಲ್ಲವೆ, ಗಣಕದ ಜಾಲಾಂಗಕ್ಕೆ ಇರುವ 48 ಬಿಟ್‌ಗಳ ಮ್ಯಾಕ್ ವಿಳಾಸವನ್ನು ರೌಟರಿಗೆ ತಿಳಿಸಿ, ಒಂದು ವಿಳಾಸವನ್ನು ಅದಕ್ಕೇ ಕಾದಿರಿಸಬಹುದು. ಎರಡನೆಯ ಹೆಜ್ಜೆ, ಮೇಲ್ವಿಚಾರಕನಿಗೆ ಶಾಶ್ವತವಾದ ಅಪ್ಪಣೆಯನ್ನು ಕೊಡುವುದು. ಪ್ರತಿ ವಿಳಾಸಕ್ಕೂ 0ಯಿಂದ 65,535ರವರೆಗೆ ಪೋರ್ಟುಗಳೆಂಬ ಬಾಗಿಲುಗಳುಂಟು. "8080ನೆಯ ಬಾಗಿಲಿಗೆ ಬಂದುದನ್ನು 20ನೆಯ ಕೋಣೆಗೆ ಒಯ್ಯಿ" ಎಂದು ರೌಟರಿನಲ್ಲಿ ನಮೂದಿಸುವುದೇ ಪೋರ್ಟ್ ಫಾರ್ವರ್ಡಿಂಗ್. ಮೊದಲ ಹೆಜ್ಜೆಯಿಲ್ಲದೆ ಎರಡನೆಯದು ನಿಲ್ಲದು. ಕೋಣೆ ಬದಲಾದರೆ ಅಪ್ಪಣೆಯು ವ್ಯರ್ಥ.

ಇಷ್ಟಾದರೂ ಫಲ ಸಿಗದಿರುವುದುಂಟು. ವಿಳಾಸಗಳ ಅಭಾವದಿಂದ ಅನೇಕ ಸೇವಾದಾರರು ತಮ್ಮ ಕಡೆಯಲ್ಲಿಯೂ ಇನ್ನೊಬ್ಬ ಮೇಲ್ವಿಚಾರಕನನ್ನು ಕೂರಿಸಿ, ಅನೇಕ ಮನೆಗಳಿಗೆ ಒಂದೇ ವಿಳಾಸವನ್ನು ಹಂಚುತ್ತಾರೆ. ರೌಟರಿನ ಹೊರಬದಿಯ ವಿಳಾಸವು 100.64ರಿಂದ 100.127ರವರೆಗಿನ ಸಂಖ್ಯೆಯಿಂದ ಆರಂಭವಾದರೆ ಇದೇ ಸ್ಥಿತಿಯೆಂದು ತಿಳಿಯಬಹುದು. ಈ ಶ್ರೇಣಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟರು. ಆಗ ನಮ್ಮ ಅಪ್ಪಣೆಯು ಬೀದಿಯವರೆಗೆ ತಲಪುವುದೇ ಇಲ್ಲ. ಗ್ರಾಹಕನಿಗೆ ವೇಗವನ್ನು ದೊಡ್ಡ ಅಕ್ಷರದಲ್ಲಿ ಸಾರುವವರು, ಸಾರ್ವಜನಿಕ ವಿಳಾಸವುಂಟೋ ಇಲ್ಲವೋ ಎಂಬುದನ್ನೂ ಮೊದಲೇ ತಿಳಿಸುವುದು ನ್ಯಾಯ.

ಬಾಗಿಲು ತೆರೆಯುವುದು ಅಪಾಯವಲ್ಲವೆ ಎಂದು ಹಿರಿಯರು ಕೇಳುವರು. ಪ್ರಶ್ನೆ ಯುಕ್ತವಾದುದೇ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು, ಕಾರ್ಖಾನೆಯವರು ಇಟ್ಟ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಅಸಂಖ್ಯ ಕ್ಯಾಮೆರಾಗಳನ್ನೂ ರೌಟರುಗಳನ್ನೂ ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವು ಒಟ್ಟಾಗಿ ನಡೆಸಿದ ದಾಳಿಯಿಂದ ಹೆಸರಾಂತ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ಸಿಗದೆ ಹೋದವು. ಆದರೆ ಇದರಿಂದ ನಾವು ಕಲಿಯತಕ್ಕ ಪಾಠವು ಬಾಗಿಲೇ ಬೇಡವೆಂದಲ್ಲ. ಅಂದು ಸೋತವರು ತಮ್ಮ ಮನೆಯಲ್ಲಿ ಬಾಗಿಲೊಂದು ತೆರೆದಿದೆಯೆಂಬುದನ್ನೇ ಅರಿಯದವರು. ಒಂದೇ ಬಾಗಿಲು, ಒಂದೇ ಯಂತ್ರ, ಬಲವಾದ ಗುಪ್ತಪದ, ಕಾಲಕಾಲಕ್ಕೆ ನವೀಕರಿಸಿದ ತಂತ್ರಾಂಶ, ಕೆಲಸ ಮುಗಿದೊಡನೆ ಅಗುಳಿ. ಇಷ್ಟನ್ನು ಪಾಲಿಸುವವನು ಅಜ್ಞಾನಿಗಿಂತ ಹೆಚ್ಚು ಸುರಕ್ಷಿತನು.

1990ರ ದಶಕದಲ್ಲಿ ರೂಪುಗೊಂಡ ಹೊಸ ಕ್ರಮದ ವಿಳಾಸಗಳು 128 ಬಿಟ್‌ಗಳವು. ಅವು ಮನೆಯ ಪ್ರತಿ ಯಂತ್ರಕ್ಕೂ ಜಗತ್ತಿನಲ್ಲಿ ತನ್ನದೇ ಆದ ವಿಳಾಸವನ್ನು ಕೊಡಬಲ್ಲವು. ನಮ್ಮ ದೇಶದಲ್ಲಿಯೂ ಅವುಗಳ ಬಳಕೆ ವ್ಯಾಪಕವಾಗಿದೆ. ಆಗ ವಿಳಾಸದ ಹಂಚಿಕೆ ಬೇಕಿಲ್ಲ. ಆದರೆ ಯಾರನ್ನು ಒಳಗೆ ಬಿಡಬೇಕೆಂಬ ವಿವೇಚನೆಯು ಆಗಲೂ ಬೇಕು. ಆದಕಾರಣ ಈ ಕಲಿಕೆಯು ಹಳತಾಗುವಂಥದಲ್ಲ.

ನಮ್ಮ ಕಾಲೇಜುಗಳಲ್ಲಿ ಲೋಲಕವನ್ನು ತೂಗುಬಿಟ್ಟು ಗುರುತ್ವವನ್ನು ಅಳೆಯುತ್ತೇವೆ. ಅದರ ಬೆಲೆಯನ್ನು ಪುಸ್ತಕದಲ್ಲಿ ನೋಡಬಹುದಾದರೂ ಕೈಯಾರೆ ಅಳೆದಾಗ ಹುಟ್ಟುವ ಅರಿವೇ ಬೇರೆ. ಜಾಲಕ್ಕೂ ಅಂಥದೊಂದು ಪ್ರಯೋಗ ಪಾಠಪಟ್ಟಿಯಲ್ಲಿ ಸೇರಲಿ. ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾಯಬೇಕಾದುದಿಲ್ಲ. ಹಿರಿಯರ ಅನುಮತಿಯನ್ನು ಪಡೆದು, ರೌಟರಿನ ಸದ್ಯದ ವಿವರಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಆರಂಭಿಸಲಿ. ಫಲಿತಾಂಶವನ್ನು ಮನೆಯ ಜಾಲದಿಂದಲೇ ಅಲ್ಲದೆ, ಹೊರಗಿನ ಒಂದು ದೂರವಾಣಿಯಿಂದಲೂ ಪರೀಕ್ಷಿಸಲಿ. ಹಾಸನದ ವಾಯುಭಾರವು ಧಾರವಾಡದ ಪರದೆಯ ಮೇಲೆ ಮೂಡಿದ ದಿನ, ಲೋಕದ ಜಾಲದಲ್ಲಿ ನಾವು ಬೇಡುವವರಷ್ಟೇ ಅಲ್ಲ, ನೀಡುವವರೂ ಹೌದೆಂಬುದು ಅವರಿಗೆ ಮನದಟ್ಟಾಗುವುದು.