ಉಪಗ್ರಹ ಚಿತ್ರಕ್ಕೆ ದಿನಾಂಕ ಬೇಕು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆ ಕಡೆ ಗುಡ್ಡ ಕುಸಿಯಿತು. ಆ ವಾರ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೋ ಬಂತು. ಅರ್ಧ ಬೆಟ್ಟವೇ ಜಾರಿ ಊರಿನ ಮೇಲೆ ಬೀಳುವ ದೃಶ್ಯ. ನಾನೂ ಅದನ್ನು ನಾಲ್ಕು ಕಡೆ ಕಳಿಸಿದೆ. ಅಲ್ಲಿ ಸಂಬಂಧಿಕರಿದ್ದ ನನ್ನ ಚಿಕ್ಕಮ್ಮ ಅದನ್ನು ನೋಡಿ ರಾತ್ರಿಯಿಡೀ ಅತ್ತರು. ಆಮೇಲೆ ತಿಳಿಯಿತು, ಅದು ಯಾರೋ ಕಂಪ್ಯೂಟರಿನಲ್ಲಿ ಮಾಡಿದ ಆನಿಮೇಷನ್. ಸುದ್ದಿ ಬಂದರೆ ಮೊದಲು ವಿಚಾರಿಸಬೇಕು ಎಂದು ಮದರಸದಲ್ಲಿ ಉಸ್ತಾದರು ಕಲಿಸಿದ್ದು ನನಗೆ ನೆನಪಾದದ್ದು ಆಗಲೇ.

ಹಾಗೆಂದು ಇಂತಹ ವಿಡಿಯೋಗಳೇ ಬೇಡ ಎಂದು ನಾನು ಹೇಳುತ್ತಿಲ್ಲ. ಅರಲ್ ಸಮುದ್ರ ಬತ್ತಿದ್ದನ್ನು ಪುಸ್ತಕದಲ್ಲಿ ಓದಿದಾಗ ಅದು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿತ್ತು, ಅಷ್ಟೇ. ಗೂಗಲ್ ಅರ್ತ್ ಟೈಮ್‌ಲ್ಯಾಪ್ಸ್‌ನಲ್ಲಿ 1984ರಿಂದ ವರ್ಷ ವರ್ಷದ ಚಿತ್ರ ಓಡಿಸಿ ನೋಡಿದಾಗ, ಹತ್ತಿ ಬೆಳೆಗೆಂದು ನದಿ ತಿರುಗಿಸಿದರೆ ಏನಾಗುತ್ತದೆ ಎಂಬುದು ಒಂದು ನಿಮಿಷದಲ್ಲಿ ಅರ್ಥವಾಯಿತು. ನಿಧಾನವಾಗಿ ನಡೆಯುವುದನ್ನು ಕಣ್ಣಿಗೆ ಕಾಣಿಸುವುದು ಚಲಿಸುವ ಚಿತ್ರದ ಶಕ್ತಿ.

ಆದರೆ ನಿಜವಾದ ಚಿತ್ರವೂ ವಿವರಣೆ ಇಲ್ಲದಿದ್ದರೆ ದಾರಿ ತಪ್ಪಿಸುತ್ತದೆ. ವಯನಾಡಿನದ್ದನ್ನೇ ನೋಡಿ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಎರಡು ಚಿತ್ರ ಬಿಡುಗಡೆ ಮಾಡಿತು. ಮೊದಲಿನದು 2023ರ ಮೇ 22ರಂದು ಕಾರ್ಟೊಸ್ಯಾಟ್-3 ತೆಗೆದದ್ದು, ಬಣ್ಣದ್ದು. ಎರಡನೆಯದು 2024ರ ಜುಲೈ 31ರ ರಿಸ್ಯಾಟ್ ಚಿತ್ರ, ಕಪ್ಪು ಬಿಳುಪಿನದು. ಮಳೆಮೋಡದ ಮೂಲಕ ಕ್ಯಾಮೆರಾ ನೋಡಲಾರದು, ರೇಡಾರ್ ನೋಡಬಲ್ಲದು. ಇದನ್ನು ಹೇಳದೆ ಎರಡನ್ನೂ ಅಕ್ಕಪಕ್ಕ ತೋರಿಸಿದರೆ, ಹಸಿರೆಲ್ಲ ಬೂದಿಯಾಯಿತು ಎಂದೇ ನೋಡಿದವರು ತಿಳಿಯುತ್ತಾರೆ. ಆ ಚಿತ್ರಗಳು ನಿಜವಾಗಿ ಹೇಳಿದ್ದು ಬೇರೆ: ಕುಸಿದ ಜಾಗ ಸುಮಾರು 86,000 ಚದರ ಮೀಟರ್, ಕೆಸರು ಕಲ್ಲು ಹರಿದದ್ದು ಸುಮಾರು 8 ಕಿಲೋಮೀಟರ್, ಮತ್ತು ಅದೇ ಜಾಗದಲ್ಲಿ ಹಿಂದೆಯೂ ಗುಡ್ಡ ಜಾರಿತ್ತು. ಈ ಕೊನೆಯ ಮಾತೇ ಎಲ್ಲಕ್ಕಿಂತ ಮುಖ್ಯ. ಹಳೆಯ ಕುಸಿತದ ಗುರುತು ಇರುವ ಇಳಿಜಾರಿನ ಕೆಳಗೆ ಮನೆ ಕಟ್ಟುವವರಿಗೆ ಇದು ಗೊತ್ತಿರಬೇಕು. ಅಳಿಸುವ ವಿಡಿಯೋದಲ್ಲಿ ಅದು ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ನಮ್ಮ ಕಾಲೇಜಿನಲ್ಲೇ ಸೈನ್ಸ್ ಮತ್ತು ಆರ್ಟ್ಸ್ ವಿದ್ಯಾರ್ಥಿಗಳು ಸೇರಿ ಇಂತಹ ವಿಡಿಯೋ ಮಾಡೋಣ. ಉಳ್ಳಾಲದ ಕಡಲ ತೀರ, ನೇತ್ರಾವತಿಯ ಅಳಿವೆ ನಮ್ಮ ಕಣ್ಣೆದುರೇ ಇವೆ. ಲ್ಯಾಂಡ್‌ಸ್ಯಾಟ್ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಮೋಡ ಇಲ್ಲದ ಜನವರಿ ತಿಂಗಳ ಚಿತ್ರಗಳನ್ನೇ ಆರಿಸಬೇಕು. ಒಂದು ಭರತದ್ದು, ಇನ್ನೊಂದು ಇಳಿತದ್ದು ಆದರೆ ಕಡಲು ಮುಂದೆ ಬಂದಂತೆ ಸುಳ್ಳೇ ಕಾಣುತ್ತದೆ, ಅದನ್ನೂ ಗಮನಿಸಬೇಕು. ಆ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್, ಹಾಗಾಗಿ ಒಂದು ಮನೆ ಬಿದ್ದದ್ದು ಅದರಲ್ಲಿ ಕಾಣದು. ಅದಕ್ಕೆ ತೀರದ ಹಿರಿಯರನ್ನೇ ಕೇಳಬೇಕು.

ಪ್ರತಿ ವಿಡಿಯೋದಲ್ಲೂ ನಾಲ್ಕು ವಿಷಯ ಇರಲೇಬೇಕು: ದಿನಾಂಕ, ಅಳತೆ, ಬಣ್ಣದ ಅರ್ಥ, ಮತ್ತು ಯಾವುದು ಉಪಗ್ರಹ ಕಂಡದ್ದು, ಯಾವುದು ನಾವು ಬರೆದದ್ದು ಎಂಬ ಸ್ಪಷ್ಟ ಮಾತು. ಈ ನಾಲ್ಕು ಇಲ್ಲದ ವಿಡಿಯೋ ಬಂದರೆ, ಸ್ನೇಹಿತರೇ, ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನಾನು ಮಾಡಿದ ತಪ್ಪಿಗೆ ಚಿಕ್ಕಮ್ಮನ ಬಳಿ ಮಾಫಿ ಕೇಳಿದ್ದೇನೆ.