ಕೂಡುತೋಟದ ನೀರು



ಲೈನಿನ ಹಿಂದಿನ ಖಾಲಿ ನೆಲದಲ್ಲಿ ಕೂಡುತೋಟ ಮಾಡೋಣವೆಂದಾಗ ನಮ್ಮ ಹಿರಿಯರೊಬ್ಬರು ಕೇಳಿದರು: "ವಾರವಿಡೀ ಧಣಿಗೆ ದುಡಿಯುತ್ತೇವೆ. ಭಾನುವಾರ ನಿಮಗೂ ಬಿಟ್ಟಿ ದುಡಿಯಬೇಕೇ, ಉಪದೇಶಿಗಳೇ?" ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೂಲಿಯಿಲ್ಲದ ಕೆಲಸ ಕೂಡದೆಂದು ಸಂಘದ ಸಭೆಗಳಲ್ಲಿ ಕೂಗಿದವನು ನಾನೇ. ಜೀತ ರದ್ದತಿಯ ಕಾಯಿದೆ 1976ರಲ್ಲಿ ಬಂತು. ಆದರೂ 'ಬಿಟ್ಟಿ' ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಜನ ಇಂದಿಗೂ ಎಚ್ಚರಾಗುತ್ತಾರೆ. ಆಗಬೇಕಾದದ್ದೇ.

ಆ ಪ್ರಶ್ನೆ ಹೊತ್ತುಕೊಂಡೇ ಆಸ್ಪರಿ ಕಡೆಗೆ ಹೋಗಿದ್ದೆ. ಗುಂತಕಲ್ಲಿನಿಂದ ಆದೋನಿಗೆ ಹೋಗುವ ರೈಲುದಾರಿಯಲ್ಲಿ ಸಿಗುವ ಊರು. ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ ತೆಲುಗಿನೊಡನೆ ಕನ್ನಡವೂ ಅನೇಕರ ಮನೆಮಾತು. ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನಂಬಿದೆ. ಟೊಮೇಟೊ ಇಲ್ಲಿ ಹೆಸರಾದ ಬೆಳೆ. ದರ ಬಿದ್ದಾಗ ಆಸ್ಪರಿ, ಪತ್ತಿಕೊಂಡಗಳ ಕಡೆ ರೈತರು ಹಣ್ಣನ್ನು ರಸ್ತೆಗೆ ಸುರಿದು ಹೋಗುವುದುಂಟು. ಕೆಲಸ ಸಿಗದ ತಿಂಗಳುಗಳಲ್ಲಿ ಕೂಲಿ ಕುಟುಂಬಗಳು ಬಾಗಿಲಿಗೆ ಬೀಗ ಹಾಕಿ ಗುಂಟೂರು ಸೀಮೆಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತವೆ. ಎಷ್ಟೋ ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ. ತರಕಾರಿ ಲಾರಿ ಹತ್ತುವ ಊರಿನಲ್ಲಿಯೇ ಕೂಲಿಯವರು ಸೊಪ್ಪಿಗೆ ದುಡ್ಡು ಎಣಿಸಬೇಕು. ನಮ್ಮ ಕಾಫಿಯ ಕಥೆಯೂ ಬೇರೆಯಲ್ಲ ಬಿಡಿ.

ಈಗಿನ ತೆಲಂಗಾಣದ ಜಹೀರಾಬಾದ್ ಸೀಮೆಯ ಹೆಂಗಸರು ಬೇರೊಂದು ದಾರಿ ಹಿಡಿದರು. ಅಲ್ಲಿ 1983ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಆರಂಭವಾಯಿತು. ಅದನ್ನು ಕಟ್ಟಿದವರಲ್ಲಿ ಒಬ್ಬರು ಮೈಸೂರಿನ ಪಿ.ವಿ. ಸತೀಶ್, 2023ರಲ್ಲಿ ತೀರಿಕೊಂಡರು. ಹೆಚ್ಚಾಗಿ ದಲಿತ ಹೆಂಗಸರೇ ಇದ್ದ ಸಂಘಗಳು ಬೀಳು ನೆಲ ಹದಮಾಡಿದವು, ಗುತ್ತಿಗೆಗೆ ಹೊಲ ಹಿಡಿದು ಕೂಡಿ ದುಡಿದವು. ಜೋಳ, ನವಣೆ, ತೊಗರಿಗಳನ್ನು ಬೆರೆಸಿ ಬಿತ್ತಿದವು, ಧಾನ್ಯವನ್ನು ಊರಲ್ಲೇ ಕೂಡಿಟ್ಟು ಬಡ ಮನೆಗಳಿಗೆ ಕೊಟ್ಟವು. 2019ರಲ್ಲಿ ಈ ಕೆಲಸಕ್ಕೆ ವಿಶ್ವಸಂಸ್ಥೆಯ ಕಡೆಯಿಂದ ಈಕ್ವೇಟರ್ ಪ್ರಶಸ್ತಿ ಬಂತು. ಅವರ ದುಡಿಮೆಯನ್ನು ಬಿಟ್ಟಿ ಎನ್ನುವವರಾರು? ಧಾನ್ಯ ಯಾರ ಮನೆ ಸೇರಿತೆಂದು ನೋಡಿದರೆ ತಿಳಿಯುತ್ತದೆ. ನಮ್ಮ ಹಿಂದಿನವರು ಇದನ್ನೇ ಮುಯ್ಯಾಳು ಎಂದರು: ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು.

ಆದರೆ ಹಿರಿಯರ ಮಾತಿನಲ್ಲಿ ಇನ್ನೊಂದು ಮುಳ್ಳಿದೆ. ಕೆಲವು ವರ್ಷಗಳ ಹಿಂದೆ ಇದೇ ನೆಲದಲ್ಲಿ ಬೆಂಡೆ, ಹೀರೆ ಹಾಕಿದ್ದೆವು. ನೀರು ಹೊತ್ತವರು ಇಬ್ಬರೇ ತಾಯಂದಿರು. ಕಾಯಿ ಬಿಟ್ಟಾಗ ಚೀಲ ಹಿಡಿದು ಬಂದವರು ಲೈನಿನವರೆಲ್ಲ. ನಾನೂ ಬಂದೆ. ಮೂರನೆಯ ತಿಂಗಳು ಅವರು ಕೊಡ ಕೆಳಗಿಟ್ಟರು. ತೋಟ ಬಿಸಿಲಿಗೆ ಒಣಗಿತೆಂದು ನಾವು ಹೇಳಿಕೊಂಡೆವು. ಅದು ಬಿಸಿಲಿನ ತಪ್ಪಾಗಿರಲಿಲ್ಲ. ಆ ಇಬ್ಬರ ಪಾಲಿಗೆ ಅದು ನಿಜವಾಗಿಯೂ ಬಿಟ್ಟಿಯೇ ಆಗಿತ್ತು, ಮಾಡಿಸಿದವರು ನಾವು.

ಆದ್ದರಿಂದ ಈ ಸಲ ಬೀಜಕ್ಕಿಂತ ಮೊದಲು ನೀರಿನ ಸರದಿ ಬರೆದಿಡೋಣ. ಗಂಡಸರ ಹೆಸರೂ ಅದರಲ್ಲಿರಲಿ. ಮುದುಕರಿಗೆ, ಬಸುರಿ ಬಾಣಂತಿಯರಿಗೆ ಸರದಿ ಬೇಡ, ಪಾಲು ಮಾತ್ರ ತಪ್ಪಬಾರದು. ನುಗ್ಗೆ, ಕರಿಬೇವಿಗೆ ಬಚ್ಚಲ ನೀರು ಸಾಕು. ಸೊಪ್ಪಿನ ಮಡಿಗೆ ಒಳ್ಳೆಯ ನೀರೇ ಬೇಕು. ನೆಲ ಎಸ್ಟೇಟಿನದು, ಅನುಮತಿಯನ್ನು ಕಾಗದದಲ್ಲಿ ಪಡೆಯದೆ ಗುದ್ದಲಿ ಎತ್ತುವುದು ಬೇಡ. ನಾವು ಹದಮಾಡಿದ ಮಣ್ಣಿನಲ್ಲಿ ನಾಳೆ ಕಾಫಿ ಸಸಿಯ ಪಾತಿ ಎದ್ದರೆ ಯಾರನ್ನು ಕೇಳುವುದು? ಮತ್ತೊಂದು ಮಾತು. ಕೂಲಿಯ ಮಾತುಕತೆಗೆ ಕೂತಾಗ "ತರಕಾರಿ ನೀವೇ ಬೆಳೆಯುತ್ತೀರಲ್ಲ" ಎಂಬ ಮಾತು ಬಂದೇ ಬರುತ್ತದೆ. ತೋಟದ ಸೊಪ್ಪು ಕೂಲಿಯ ಲೆಕ್ಕಕ್ಕೆ ಸೇರದೆಂದು ಸಂಘ ಈಗಲೇ ಬರೆದಿಡಬೇಕು.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಸರದಿ ಬರೆಯಲು ಕೂಡೋಣ. ಆ ಇಬ್ಬರು ತಾಯಂದಿರನ್ನು ನಾನೇ ಹೋಗಿ ಕರೆಯುತ್ತೇನೆ. ಹಿರಿಯರೂ ಬರುವುದಾಗಿ ಹೇಳಿದ್ದಾರೆ. ಗುದ್ದಲಿ ಮಾತ್ರ ಕಾಗದ ನೋಡಿದ ಮೇಲೆ ತರುತ್ತಾರಂತೆ.